ಓದುಗರ ಪ್ರಶ್ನೆಗೆ ಉತ್ತರ: ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಊರು, ವಯಸ್ಸು, ಕೆಲಸ ಎಲ್ಲವೂ ಬೇರೆಯಾದರೂ, ದಿನವಿಡೀ ಓಡಾಡಿಯೂ ಯಾವುದರಲ್ಲೂ ತಾವು ಇರಲಿಲ್ಲ ಎಂಬ ಕೊರಗು ನಾಲ್ವರಲ್ಲೂ ಇದೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದವಳು. ಶಿವಮೊಗ್ಗದ ಕಚೇರಿಯೊಂದರಲ್ಲಿ ಕೆಲಸ. ಬೆಳಗ್ಗೆ ಐದಕ್ಕೆ ಎದ್ದು ತಿಂಡಿ, ಊಟದ ಡಬ್ಬಿ, ಅತ್ತೆಯವರ ಕಷಾಯ, ಮಗನ ಶಾಲೆಯ ತಯಾರಿ ಎಲ್ಲ ಮುಗಿಸಿ ಬಸ್ಸಿಗೆ ಓಡುತ್ತೇನೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯಲು ಬಂದವರ ಕಾಫಿ, ತಿಂಡಿಯೂ ಸೇರಿಕೊಳ್ಳುತ್ತದೆ. ಮೊನ್ನೆ ಮಗ ಏನೋ ಹೇಳಿ ಮುಗಿಸಿ, 'ಅಮ್ಮ, ನಾನು ಏನು ಹೇಳಿದೆ ಹೇಳು' ಎಂದು ಕೇಳಿದ. ನನಗೆ ಒಂದು ಮಾತೂ ಗೊತ್ತಿರಲಿಲ್ಲ. ಧ್ಯಾನ ಮಾಡು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಸಮಯ ಎಲ್ಲಿಂದ ತರಲಿ?

ಉತ್ತರ: ತರಬೇಡಿ. ನಿಮ್ಮ ದಿನಚರಿಯಲ್ಲಿ ಇನ್ನೊಂದು ಕೆಲಸಕ್ಕೆ ಜಾಗವಿಲ್ಲ. ಧ್ಯಾನವನ್ನು ಅದರೊಳಗೆ ತುರುಕಿದರೆ, ಅದೂ ಬೇಗ ಮುಗಿಸಿ ಏಳಬೇಕಾದ ಇನ್ನೊಂದು ಕೆಲಸವಾಗುತ್ತದೆ, ಮಾಡಲಾಗದ ದಿನ ಅದರ ಪಶ್ಚಾತ್ತಾಪವೂ ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮಗನ ಮಾತು ಕೇಳಿಸದೆ ಹೋದದ್ದು ನಿಮಗೆ ಅವನ ಮೇಲೆ ಅಕ್ಕರೆ ಕಡಿಮೆಯಾದುದರಿಂದಲ್ಲ. ಮುಗಿಯದ ಕೆಲಸವೊಂದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲಿಯೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಯೋಗಗಳಿಂದ ತೋರಿಸಿದರು. ನಿಮ್ಮ ಬೆಳಗು ಇಡೀ ಅಂಥ ಅರ್ಧ ಮುಗಿದ ಕೆಲಸಗಳ ಸಾಲು: ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಡಬ್ಬಿಯ ಮುಚ್ಚಳ ಹುಡುಕಬೇಕು, ಮುಚ್ಚಳ ಸಿಗುವಷ್ಟರಲ್ಲಿ ಅತ್ತೆಯವರು ಕರೆಯುತ್ತಾರೆ, ಅಲ್ಲಿಗೆ ಹೋದರೆ ಬಸ್ಸಿನ ಹೊತ್ತು ನೆನಪಾಗುತ್ತದೆ. ಮಗನ ಪಾಲಿಗೆ ಉಳಿದ ಗಮನವೇ ಅಷ್ಟು. ಇದು ನಿಮ್ಮೊಬ್ಬರ ಕತೆಯೂ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಮಂದಿಯನ್ನು ದಿನದ ಯಾವುದೋ ಹೊತ್ತಿನಲ್ಲಿ ಮೊಬೈಲ್ ಮೂಲಕ ಎಚ್ಚರಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನಿಸುತ್ತಿದೆ ಎಂದು ಕೇಳಿದ್ದರು. ನೂರಕ್ಕೆ ಸುಮಾರು 47 ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಅಲೆಯುತ್ತಿದ್ದಾಗ ಅವರ ನೆಮ್ಮದಿಯೂ ಕಡಿಮೆ ಇತ್ತು. ಹಿತವಾದ ಯೋಚನೆಯ ಕಡೆಗೆ ಅಲೆದಿದ್ದರೂ ಮಾಡುತ್ತಿದ್ದ ಕೆಲಸದಲ್ಲೇ ಇದ್ದವರಿಗಿಂತ ಹೆಚ್ಚಿನ ಸಂತೋಷವೇನೂ ಸಿಕ್ಕಿರಲಿಲ್ಲ. ಈ ಕೊನೆಯ ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪಾತ್ರೆ ತೊಳೆಯುವುದು ಬೇಸರದ ಕೆಲಸ, ಅಷ್ಟು ಹೊತ್ತಾದರೂ ಮನಸ್ಸು ಬೇರೆಲ್ಲೋ ಇರಲಿ ಎಂದು ನಾವು ಅದನ್ನು ಹರಿಯಬಿಡುತ್ತೇವೆ. ಅದರಿಂದ ನಾವು ಅಂದುಕೊಂಡಷ್ಟು ಲಾಭವಿಲ್ಲ.

ಹಾಗಾಗಿ ಹೇಗೂ ಮಾಡಲೇಬೇಕಾದ ಕೆಲಸಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಆರಿಸಿಕೊಳ್ಳಿ. ಕೈಯಿಂದ ಮಾಡುವಂಥದ್ದಾದರೆ ಒಳ್ಳೆಯದು. ನಿಮ್ಮ ಮನೆಯಲ್ಲಿ ಬೆಳಗ್ಗೆ ಅಕ್ಕಿರೊಟ್ಟಿ ಮಾಡುವ ರೂಢಿಯಿದ್ದರೆ ಅದಕ್ಕಿಂತ ತಕ್ಕ ಕೆಲಸ ಬೇರೆ ಬೇಕಿಲ್ಲ. ಬೇಯಿಸಿದ ಹಿಟ್ಟನ್ನು ಬಿಸಿ ಆರುವ ಮೊದಲೇ ನಾದಬೇಕು, ಕೈ ಸುಡುತ್ತದೆ, ತಣ್ಣೀರು ಮುಟ್ಟಿಕೊಂಡು ಮತ್ತೆ ನಾದಬೇಕು. ಉಂಡೆಯ ಅಂಚು ಬಿರಿಯುತ್ತಿದ್ದರೆ ನೀರು ಸಾಲದು, ಬೆರಳಿಗೆ ಅಂಟುತ್ತಿದ್ದರೆ ಹೆಚ್ಚಾಗಿದೆ. ಕಾವಲಿಯ ಮೇಲೆ ಹಾಕಿದ ರೊಟ್ಟಿಯ ಬಣ್ಣ ಮಾಸಿದಾಗ ಮಗುಚಬೇಕು, ಕೆಂಡಕ್ಕೆ ಹಿಡಿದಾಗ ಅದು ಒಂದು ಮೂಲೆಯಿಂದ ಉಬ್ಬಲು ತೊಡಗುತ್ತದೆ. ಇಷ್ಟೆಲ್ಲವನ್ನೂ ನಿಮ್ಮ ಕೈ ಈಗಾಗಲೇ ಬಲ್ಲದು. ನೀವು ಮಾಡಬೇಕಾದದ್ದು ಕೈಗೆ ಗೊತ್ತಾಗುತ್ತಿರುವುದು ನಿಮಗೂ ಗೊತ್ತಾಗುವಂತೆ ಅಲ್ಲಿರುವುದು, ಅಷ್ಟೇ. ಮನಸ್ಸು ಬಸ್ಸಿನ ಕಡೆಗೆ ಓಡುತ್ತದೆ, ಓಡಲಿ. ಓಡಿತು ಎಂದು ಗೊತ್ತಾದ ಕೂಡಲೇ ಹಿಟ್ಟಿನ ಬಿಸಿಗೆ ಮರಳಿ. ಎಷ್ಟು ಸಲ ಓಡಿತೆಂದು ಲೆಕ್ಕ ಇಡಬೇಡಿ. ಮರಳುವುದೇ ಇಲ್ಲಿ ಅಭ್ಯಾಸ. ರೊಟ್ಟಿಗೆ ಹಿಡಿಯುವ ಸಮಯ ಇದರಿಂದ ಒಂದು ನಿಮಿಷವೂ ಹೆಚ್ಚಾಗುವುದಿಲ್ಲ.

ಎರಡನೆಯದು ಬಸ್ಸು. ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗಿನ ಪ್ರಯಾಣ ನಿಮ್ಮ ದಿನದಲ್ಲಿ ಯಾರೂ ನಿಮ್ಮನ್ನು ಕರೆಯದ ಏಕೈಕ ಹೊತ್ತು. ಬಸ್ಸು ಹತ್ತಿದ ಕೂಡಲೇ ತಲೆಯಲ್ಲಿರುವ ಕೆಲಸಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಬಿಡಿ. ಬರೆದಿಟ್ಟದ್ದನ್ನು ಮನಸ್ಸು ಮತ್ತೆ ಮತ್ತೆ ಎತ್ತಿ ತೋರಿಸುವುದು ಕಡಿಮೆಯಾಗುತ್ತದೆ. ಆಮೇಲೆ ಮಂಡಗದ್ದೆಯಿಂದ ಗಾಜನೂರಿನವರೆಗೆ ಫೋನು ಚೀಲದಲ್ಲಿರಲಿ. ಅಷ್ಟು ದೂರ ತುಂಗೆ ರಸ್ತೆಯ ಜೊತೆಗೇ ಇರುತ್ತಾಳೆ. ಮಳೆಗಾಲದಲ್ಲಾದರೆ ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟಿರುತ್ತವೆ, ಮುಂದೆ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಗಿನ ಹೊತ್ತು ಆನೆಗಳು ನೀರಿಗಿಳಿದಿರುತ್ತವೆ. ನೋಡಬೇಕೆಂದು ದೂರದೂರಿನಿಂದ ಜನ ಬರುವ ದಾರಿಯಲ್ಲಿ ನೀವು ದಿನಾ ಹೋಗುತ್ತೀರಿ. ನಿದ್ದೆ ಬಂದರೆ ನಿದ್ದೆಯನ್ನೇ ಮಾಡಿ. ಐದಕ್ಕೆ ಏಳುವವರಿಗೆ ಅದು ನ್ಯಾಯವಾಗಿ ಸಲ್ಲಬೇಕಾದದ್ದು.

ಮಗನ ವಿಷಯ. ಕೆಲಸದ ನಡುವೆ ಅವನು ಬಂದಾಗ 'ಹೂಂ, ಹೂಂ' ಎನ್ನುವುದಕ್ಕಿಂತ, 'ಈಗ ನನಗೆ ಕೇಳಿಸಿಕೊಳ್ಳಲು ಆಗುವುದಿಲ್ಲ ಮಗಾ, ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಕೇಳುತ್ತೇನೆ' ಎಂದು ನಿಜವನ್ನೇ ಹೇಳಿ. ಆದರೆ ಹೇಳಿದ ಮೇಲೆ ತಪ್ಪಬೇಡಿ. ಅವನ ಎದುರು ಕೂತಾಗ ಕೈಯಲ್ಲಿ ಫೋನು ಬೇಡ, ತರಕಾರಿ ಇರಬಹುದು. ಅವನ ಕೈಗೂ ಹಲಸಿನ ಬೀಜದ ಸಿಪ್ಪೆ ತೆಗೆಯುವಂಥ ಕೆಲಸವೊಂದನ್ನು ಕೊಟ್ಟರೆ, ನೇರವಾಗಿ ಕೇಳಿದರೆ ಹೇಳದ ಮಾತುಗಳನ್ನೂ ಮಕ್ಕಳು ಹೇಳುತ್ತಾರೆ. ಮೊನ್ನೆ ಕಳೆದುಹೋದ ಮಾತನ್ನು ಅವನ ಬಳಿ ಇನ್ನೊಮ್ಮೆ ಕೇಳಿ. ಖಂಡಿತ ಹೇಳುತ್ತಾನೆ.

ಇನ್ನು, ನೀವು ಕೇಳದಿದ್ದರೂ ನಾನು ಹೇಳದೆ ಇರಲಾರದ ಮಾತೊಂದಿದೆ. ನಿಮ್ಮ ಪತ್ರದಲ್ಲಿ ಅತ್ತೆ, ಮಗ, ಸುಲಿಯುವವರು ಎಲ್ಲರೂ ಬರುತ್ತಾರೆ, ಪತಿಯ ಉಲ್ಲೇಖವಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಅದರಲ್ಲಿ ತೊಡಗುವ ಗಂಡಸರಾದರೂ ನೂರಕ್ಕೆ ಸುಮಾರು 26 ಮಂದಿ ಮಾತ್ರ. ಇಷ್ಟು ಭಾರ ಹೊತ್ತವರಿಗೆ ಮನಸ್ಸನ್ನು ಸಮಾಧಾನದಲ್ಲಿಟ್ಟುಕೊಳ್ಳಿ ಎಂದಷ್ಟೇ ಉಪದೇಶಿಸುವುದು ಅನ್ಯಾಯ. ಯಜಮಾನರ ಬಳಿ 'ಸ್ವಲ್ಪ ಸಹಾಯ ಮಾಡಿ' ಎನ್ನಬೇಡಿ. ಸಹಾಯವೆಂದಾಗ ಕೆಲಸ ನಿಮ್ಮದಾಗಿಯೇ ಉಳಿಯುತ್ತದೆ, ಏನು, ಯಾವಾಗ, ಹೇಗೆ ಎಂದು ನೆನಪಿಟ್ಟುಕೊಂಡು ಹೇಳುವುದೂ ನಿಮ್ಮದೇ ಆಗುತ್ತದೆ. ಒಂದೆರಡು ಕೆಲಸಗಳನ್ನು ಬುಡಸಮೇತ ಒಪ್ಪಿಸಿ. ಮಗನ ಶಾಲೆಯ ತಯಾರಿ ಇಡಿಯಾಗಿ ಅವರದಾಗಲಿ: ಸಮವಸ್ತ್ರ, ಪುಸ್ತಕ, ಶುಲ್ಕದ ಕೊನೆಯ ದಿನ, ಪೋಷಕರ ಸಭೆ, ಎಲ್ಲವೂ. ಮೊದಲ ವಾರ ಏನಾದರೂ ತಪ್ಪಿದರೆ ನೀವು ನಡುವೆ ಬಂದು ಸರಿಪಡಿಸಬೇಡಿ. ನಿಮ್ಮ ಕೈಗಿಂತ ತಲೆ ಹಗುರವಾಗಬೇಕಾದದ್ದು ಹೆಚ್ಚು ಅಗತ್ಯ. ಮಗನ ಮಾತಿಗೆ ಜಾಗ ಸಿಗುವುದು ಅಲ್ಲಿಯೇ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ ನಾನು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಅಡಿಕೆ ಧಾರಣೆ ನೋಡುತ್ತೇನೆ, ಆಮೇಲೆ ದಿನವಿಡೀ ಅದೇ. ತೋಟಕ್ಕೆ ಹೋದರೂ ಕೈ ಜೇಬಿಗೇ ಹೋಗುತ್ತದೆ. ತಪ್ಪಿಸುವುದು ಹೇಗೆ?

ಉತ್ತರ: ಆ ದಿನ ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ಬಗೆಗಳು ಯಾವ ದರಕ್ಕೆ ಹೋದವು ಎಂಬುದು ವ್ಯಾಪಾರ ಮುಗಿದ ಮೇಲೆ ಒಮ್ಮೆ ತಿಳಿದರೆ ಸಾಕು. ಉಳಿದ ಹೊತ್ತಿನಲ್ಲಿ ನೀವು ನೋಡುತ್ತಿರುವುದು ಹೆಚ್ಚಾಗಿ ಊಹೆ, ಗಾಳಿಮಾತು, ಯಾರೋ ಮುಂದೂಡಿದ ಹಳೆಯ ಪಟ್ಟಿ. ನೋಡಿದ್ದರಿಂದ ಧಾರಣೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ತೋಟದ ಮಾತು ಹಾಗಲ್ಲ. ಅಲ್ಲಿ ನೋಡಿದವನಿಗೂ ನೋಡದವನಿಗೂ ಫಸಲಿನಲ್ಲಿ ವ್ಯತ್ಯಾಸವಿದೆ. ಕೊಳೆರೋಗ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಲೆಯಾಗಿ ಶುರುವಾಗುತ್ತದೆ. ಜೋರು ಮಳೆಯ ನಡುವೆ ಅದು ಮೊದಲು ಕಾಣಿಸುವುದು ತಲೆ ಎತ್ತಿ ಗೊನೆ ನೋಡುತ್ತಾ ನಡೆಯುವವನಿಗೆ, ಅಥವಾ ಬುಡದಲ್ಲಿ ಉದುರಿದ ಒಂದೆರಡು ಹಸಿಕಾಯಿಗಳನ್ನು ಎತ್ತಿ ತಿರುಗಿಸಿ ನೋಡುವವನಿಗೆ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಸುಮಾರು 40 ರಿಂದ 45 ದಿನಗಳ ಬಳಿಕ ಇನ್ನೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಹೊಡೆಯುವುದು ನಿಮಗೆ ಗೊತ್ತಿರುವ ವಿಷಯವೇ. ಆದರೆ ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಟ್ಟ ಆ ಅರ್ಧ ದಿನವನ್ನು ಹಿಡಿಯಬೇಕಾದರೆ ಕಣ್ಣು ಆಕಾಶದ ಮೇಲೂ ಗೊನೆಯ ಮೇಲೂ ಇರಬೇಕು. ಎಲೆಚುಕ್ಕಿ ರೋಗವೂ ಹಾಗೆಯೇ. ಹಳದಿ ಅಂಚಿನ ಆ ಸಣ್ಣ ಚುಕ್ಕೆಗಳು ಕೆಳಗಿನ ಸೋಗೆಗಳಲ್ಲಿ ಇರುವಾಗಲೇ ಕಂಡರೆ ಮಾಡುವುದಕ್ಕೆ ಏನಾದರೂ ಉಳಿದಿರುತ್ತದೆ.

ಹೀಗೆ ಮಾಡಿ. ತೋಟಕ್ಕೆ ಹೋಗುವಾಗ ಫೋನನ್ನು ಮನೆಯಲ್ಲೇ ಬಿಡಿ. ಆಳ ತೋಟದಲ್ಲಿ ಒಬ್ಬರೇ ಇರುವವರಾದರೆ ತುರ್ತಿಗೆಂದು ಒಯ್ಯಬಹುದು, ಇಂಟರ್ನೆಟ್ ಬಂದ್ ಮಾಡಿ. ಧಾರಣೆಗೆ ಸಂಜೆಯ ಒಂದು ಹೊತ್ತು ಗೊತ್ತುಮಾಡಿ. ಅದಕ್ಕಿಂತ ಮುಖ್ಯವಾಗಿ, ಇಂತಿಷ್ಟು ಬಂದರೆ ಇಷ್ಟು ಮೂಟೆ ಕೊಡುತ್ತೇನೆ ಎಂದು ಮನೆಯವರೊಂದಿಗೆ ಕೂತು ಮೊದಲೇ ತೀರ್ಮಾನಿಸಿ ಬರೆದಿಡಿ. ತೀರ್ಮಾನ ಆಗದೇ ಇರುವುದರಿಂದಲೇ ಕೈ ಮತ್ತೆ ಮತ್ತೆ ಜೇಬಿಗೆ ಹೋಗುತ್ತದೆ. ಸಾಲದ ಕಂತಿನ ಚಿಂತೆ ಈ ಚಟದ ಹಿಂದೆ ಇದ್ದರೆ, ಧಾರಣೆ ನೋಡುವುದನ್ನು ಬಿಟ್ಟ ಮಾತ್ರಕ್ಕೆ ಅದು ಹೋಗದು. ಸಾಲ ಕೊಟ್ಟವರ ಬಳಿ ಕಂತಿನ ಬಗ್ಗೆ ನೇರವಾಗಿ ಮಾತನಾಡುವುದೇ ಆಗ ಮೊದಲ ಕೆಲಸ.

ಪ್ರಶ್ನೆ: ಸಾಗರ ನನ್ನೂರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಧಾವಂತ ಸಾಕಾಗಿದೆ. ಮಲೆನಾಡಿನ ನಿಧಾನದ ಬದುಕಿಗೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎನಿಸುತ್ತದೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಮರಳಿ ಬರುವುದಾದರೆ ಸಂತೋಷ, ಆದರೆ ನಿಧಾನವನ್ನು ಹುಡುಕಿಕೊಂಡು ಬರಬೇಡಿ. ಮಲೆನಾಡಿನ ಬದುಕು ಎಂದೂ ನಿಧಾನವಾಗಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಮಳೆ ಹಿಡಿಯುವ ಮೊದಲು ಸೌದೆ ಒಟ್ಟಬೇಕು, ದರಗು (ಉದುರಿದ ಒಣ ಎಲೆ) ತರಬೇಕು, ಮಾಡಿನ ಹೆಂಚು ಸರಿಪಡಿಸಬೇಕು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮುಗಿಸಬೇಕು. ಬೇಸಿಗೆಯಲ್ಲಿ ನಮ್ಮ ಮನೆಗಳ ಹೆಂಗಸರು ಕೂತದ್ದನ್ನು ನಾನು ಕಂಡಿಲ್ಲ. ರಜೆಗೆ ಬಂದವರಿಗೆ ಕಾಣುವ ನಿಧಾನ ರಜೆಯದ್ದೇ ಹೊರತು ಊರಿನದ್ದಲ್ಲ.

ಆದರೂ ನಿಮ್ಮ ಹಂಬಲದಲ್ಲಿ ಒಂದು ನಿಜವಿದೆ, ಅದನ್ನು ತಳ್ಳಿಹಾಕಲಾರೆ. ಆ ಕೆಲಸಗಳಿಗೆಲ್ಲ ಒಂದು ಗಡಿ ಇತ್ತು. ಕತ್ತಲಾದರೆ ತೋಟದ ಕೆಲಸ ನಿಲ್ಲುತ್ತಿತ್ತು, ಬಿಸಿಲು ಹೋದರೆ ಅಂಗಳದ ಅಡಿಕೆ ಬಾಚಿ ಒಳಗೆ ತರಲೇಬೇಕಿತ್ತು. ನಿಮ್ಮ ಕೆಲಸಕ್ಕೆ ಆ ಗಡಿ ಇಲ್ಲ. ಲ್ಯಾಪ್‌ಟಾಪ್ ಜೊತೆಗೆ ಅದು ಸಾಗರಕ್ಕೂ ಬರುತ್ತದೆ, ಹೆಗ್ಗೋಡಿನಲ್ಲಿ ನಾಟಕ ನೋಡುತ್ತ ಕೂತಾಗಲೂ ಜೇಬಿನಲ್ಲಿ ಮಿಡಿಯುತ್ತದೆ. ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಕಂಪ್ಯೂಟರ್ ಮುಂದೆ ಕೆಲಸ ಮಾಡುವವರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಒಂದು ಪರದೆಯ ಮೇಲೆ ಜನರ ಗಮನ 2004ರ ಹೊತ್ತಿಗೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದುದು ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ. ಊರು ಬದಲಾಯಿಸಿದರೆ ಈ ಅಭ್ಯಾಸ ತಾನಾಗಿ ಬಿಟ್ಟುಹೋಗದು. ಇರುವಲ್ಲೇ ಗಡಿ ಹಾಕಿ ನೋಡಿ: ಸಂಜೆ ಇಂತಿಷ್ಟು ಹೊತ್ತಿನ ಮೇಲೆ ಕಚೇರಿಯ ಸಂದೇಶ ನೋಡುವುದಿಲ್ಲವೆಂದು ಮೇಲಿನವರಿಗೆ ತಿಳಿಸಿ, ಮಲಗುವ ಕೋಣೆಗೆ ಫೋನು ಒಯ್ಯಬೇಡಿ, ಊಟಕ್ಕೆ ಕೂತಾಗ ಊಟವನ್ನಷ್ಟೇ ಮಾಡಿ. ಮೂರು ತಿಂಗಳು ಇದನ್ನು ನಡೆಸಲು ಸಾಧ್ಯವಾದರೆ, ಆಮೇಲೆ ಊರಿಗೆ ಬರುವ ತೀರ್ಮಾನವನ್ನು ದಣಿವಿನಿಂದಲ್ಲದೆ ವಿವೇಕದಿಂದ ಮಾಡಬಲ್ಲಿರಿ.

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕ. ನನಗೆ ಸಮಯಕ್ಕೆ ಬರವಿಲ್ಲ. ಆದರೂ ಧ್ಯಾನಕ್ಕೆ ಕೂತರೆ ಮನಸ್ಸು ಖಾಲಿಯಾಗುವುದಿಲ್ಲ, ಇಲ್ಲವೇ ತೂಕಡಿಕೆ ಬರುತ್ತದೆ. ಪತ್ನಿ ತೀರಿಕೊಂಡ ಮೇಲೆ ಈ ಚಡಪಡಿಕೆ ಹೆಚ್ಚಾಗಿದೆ.

ಉತ್ತರ: ಗುರುಗಳೇ, ಮನಸ್ಸು ಖಾಲಿಯಾಗಬೇಕೆಂಬ ಗುರಿಯನ್ನು ದಯವಿಟ್ಟು ಕೈಬಿಡಿ. ಬುದ್ಧನ ಕಾಲದಿಂದ ಬಂದಿರುವ ಉಸಿರಿನ ಮೇಲಿನ ಗಮನದ ಅಭ್ಯಾಸದಲ್ಲಾಗಲಿ, ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಆರಂಭಿಸಿದ, ಇಂದು 8 ವಾರಗಳ ತರಬೇತಿಯಾಗಿ ಲೋಕದೆಲ್ಲೆಡೆ ನಡೆಯುತ್ತಿರುವ ಕ್ರಮದಲ್ಲಾಗಲಿ, ಖಾಲಿ ಮನಸ್ಸನ್ನು ಯಾರೂ ಕೇಳುವುದಿಲ್ಲ. ಮನಸ್ಸು ಹೋದದ್ದನ್ನು ಗಮನಿಸಿ, ಬೇಸರಿಸದೆ ಕರೆತರುವುದಷ್ಟೇ ಅಲ್ಲಿನ ಕೆಲಸ. ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಹುಡುಗನನ್ನು ಹೆಸರು ಹಿಡಿದು ಮೆಲ್ಲನೆ ಪಾಠಕ್ಕೆ ಕರೆದಂತೆ. ಅದನ್ನು ನೀವು ಬಹುಕಾಲ ಮಾಡಿದ್ದೀರಿ.

ತೂಕಡಿಕೆ ಬರುತ್ತಿದ್ದರೆ ಕಣ್ಣು ಮುಚ್ಚಿ ಕೂರುವುದನ್ನು ಬಿಟ್ಟು ಬೆಳಗಿನ ಹೊತ್ತು ನಿಧಾನವಾಗಿ ನಡೆಯಿರಿ, ಪಾದ ನೆಲ ಮುಟ್ಟುವುದನ್ನು ಗಮನಿಸಿ. ಕೂತೇ ಮಾಡುವುದಾದರೆ ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ತುಸು ದೀರ್ಘವಾಗಿರಲಿ, ಎದೆಬಡಿತ ಅದರಿಂದ ಸಾವಕಾಶವಾಗುತ್ತದೆ. ನಿಮಗೆ ಇನ್ನೊಂದು ದಾರಿಯೂ ಹತ್ತಿರದಲ್ಲೇ ಇದೆ. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ನಿಮಗೆ ತಿಳಿದಿರುತ್ತದೆ. ಗಮಕ ವಾಚನ ಎಲ್ಲಿ ನಡೆದರೂ ಹೋಗಿ ಕೂರಿ. ಪದ್ಯವೊಂದನ್ನು ರಾಗದಲ್ಲಿ ಓದಿ, ಅದು ಕಿವಿಯಲ್ಲಿ ನಿಂತಿರುವಾಗಲೇ ಮತ್ತೊಬ್ಬರು ಅರ್ಥ ಬಿಡಿಸುವಾಗ, ಕೇಳುವವನು ಅವಸರಪಡುವುದಕ್ಕೆ ಆಸ್ಪದವೇ ಇರುವುದಿಲ್ಲ. ಜೊತೆಗೆ ನಾಲ್ಕು ಜನರ ನಡುವೆ ಇದ್ದಂತಾಗುತ್ತದೆ, ಅದು ನಿಮಗೀಗ ಬೇಕು.

ಚಡಪಡಿಕೆಯನ್ನು ಮಾತ್ರ ಧ್ಯಾನದ ಸೋಲೆಂದು ತಿಳಿಯಬೇಡಿ. ಜೀವನಸಂಗಾತಿ ಹೋದ ಮನೆಯಲ್ಲಿ ಮೌನವಾಗಿ ಕೂತರೆ ದುಃಖವೇ ಮೊದಲು ಎದ್ದು ಬರುತ್ತದೆ, ಅದು ಬರಬೇಕಾದದ್ದೇ. ಕೂತಾಗಲೆಲ್ಲ ಸಂಕಟ ಹೆಚ್ಚುತ್ತಿದ್ದರೆ ಸದ್ಯಕ್ಕೆ ಕೂರುವುದನ್ನು ನಿಲ್ಲಿಸಿ, ಮಕ್ಕಳ ಬಳಿಯೋ ಹಳೆಯ ಸಹೋದ್ಯೋಗಿಯ ಬಳಿಯೋ ಪತ್ನಿಯ ವಿಷಯ ಮಾತನಾಡಿ. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅಥವಾ ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬರುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಫೋನಿನ ಪಕ್ಕದಲ್ಲಿ ಬರೆದಿಡಿ, ಮತ್ತು ಮುಂದಿನ ತಿಂಗಳು ಹೇಗಿದ್ದೀರೆಂದು ನನಗೊಂದು ಸಾಲು ಬರೆಯಿರಿ.